ಕಾರ್ಡೂನ್, ಆರ್ಟಿಚೋಕ್, ಕುಸುಬಿ: ಕಲಬುರಗಿಯ ಅಂಗಳಕ್ಕೆ ಯಾವ ಮುಳ್ಳು ಒಗ್ಗೀತು?

ಎಳ್ಳಮಾವಾಸಿಗೆ ಹೊಲಕ್ಕೆ ಹೋದವರಿಗೆ ಕುಸುಬಿಯ ಪರಿಚಯ ಮಾಡಿಕೊಡಬೇಕಾಗಿಲ್ಲ. ಚರಗ ಚೆಲ್ಲುತ್ತ ಬದುವಿನ ಗುಂಟ ನಡೆದರೆ ಸೆರಗನ್ನೋ ಧೋತರದ ಅಂಚನ್ನೋ ಹಿಡಿದು ನಿಲ್ಲಿಸುವ ಗಿಡ ಅದು. ದನ ನುಗ್ಗದಿರಲೆಂದು ಜೋಳದ ಸುತ್ತ ಅದನ್ನೇ ಬೇಲಿಯ ಹಾಗೆ ಬಿತ್ತುವ ರೂಢಿ ನಮ್ಮ ಕಡೆ ಹಳೆಯದು. ಅದೇ ಕುಸುಬಿಯ ಬಳಗದ ಇನ್ನೊಂದು ಗಿಡ ಈಗ ನನ್ನ ಪರಿಚಯದ ಕೈತೋಟದವರ ತಲೆ ಹೊಕ್ಕಿದೆ. ಹೆಸರು ಕಾರ್ಡೂನ್. ಮೊಬೈಲಿನಲ್ಲಿ ಫೋಟೊ ನೋಡಿದವರು ಮರುಳಾಗುವುದು ಸಹಜ: ಬೂದಿ ಬಳಿದಂಥ ಬೆಳ್ಳಿ ಎಲೆ, ಒಂದೊಂದೂ ತೋಳುದ್ದ, ಕಮಾನಿನ ಹಾಗೆ ಬಾಗಿದ್ದು; ಆಳೆತ್ತರದ ಕಾಂಡದ ತುದಿಗೆ ನೇರಳೆ ಹೂವಿನ ಚೆಂಡು. ನೋಡಲೂ ಚಂದ, ತಿನ್ನಲೂ ಬರುತ್ತದೆ, ಒಮ್ಮೆ ಹಚ್ಚಿದರೆ ವರ್ಷಾನುವರ್ಷ ಇರುತ್ತದೆ ಎಂದು ಕೆಳಗೆ ಬರೆದಿರುತ್ತದೆ.

ಮೊದಲ ಎರಡು ಮಾತು ನಿಜ. ಮೂರನೆಯದು ಅದರ ತವರಿನಲ್ಲಿ ನಿಜ, ಕಲಬುರಗಿಗೆ ಬರುವಷ್ಟರಲ್ಲಿ ಅರ್ಧ ಸುಳ್ಳಾಗಿರುತ್ತದೆ. ಹಾಗಾಗಿ "ಕಾರ್ಡೂನ್ ಹಚ್ಚಲೇ, ಆರ್ಟಿಚೋಕ್ ಹಚ್ಚಲೇ" ಎಂದು ಯಾರಾದರೂ ಕೇಳಿದರೆ ನಾನು ತಿರುಗಿ ಎರಡೇ ಪ್ರಶ್ನೆ ಕೇಳುತ್ತೇನೆ. ನೀವು ತಿನ್ನಬೇಕೆಂದಿರುವುದು ದಂಟನ್ನೋ ಮೊಗ್ಗನ್ನೋ? ನಿಮ್ಮ ಅಂಗಳದ ಮಣ್ಣು ಕರಿದೋ ಕೆಂಪೋ?

ದಂಟು ಮತ್ತು ಮೊಗ್ಗು

ಕಾರ್ಡೂನ್ ಮತ್ತು ಆರ್ಟಿಚೋಕ್ ಬೇರೆ ಬೇರೆ ಗಿಡಗಳೆಂದು ಬೀಜದ ಪೊಟ್ಟಣಗಳು ಹೇಳಿದರೂ ಸಸ್ಯಶಾಸ್ತ್ರಕ್ಕೆ ಎರಡೂ ಒಂದೇ: ಸಿನಾರಾ ಕಾರ್ಡುಂಕ್ಯುಲಸ್. ಮೆಡಿಟರೇನಿಯನ್ ಕಡಲ ಸುತ್ತಲಿನ ಒಂದು ಕಾಡು ಮುಳ್ಳುಗಿಡವನ್ನು ಒಂದು ಕಡೆಯ ರೈತರು ದಪ್ಪ ಮೊಗ್ಗಿಗಾಗಿ ಆರಿಸುತ್ತ ಹೋದರು, ಅದು ಆರ್ಟಿಚೋಕ್ ಆಯಿತು. ಇನ್ನೊಂದು ಕಡೆಯವರು ತಿರುಳುಳ್ಳ ಎಲೆದಂಟಿಗಾಗಿ ಆರಿಸಿದರು, ಅದು ಕಾರ್ಡೂನ್. ಒಂದೇ ತಾಯಿಯ ಎರಡು ಮಕ್ಕಳು, ಒಂದಕ್ಕೆ ತಲೆ ದಪ್ಪ, ಇನ್ನೊಂದಕ್ಕೆ ಕಾಲು.

ಈ ವ್ಯತ್ಯಾಸ ನಮಗೆ ಯಾಕೆ ಮುಖ್ಯವೆಂದರೆ, ಮೊಗ್ಗು ಕಟ್ಟಲು ಈ ಗಿಡಕ್ಕೆ ಚಳಿ ಬೇಕು. ಸುಮ್ಮನೆ ತಂಪು ಸಾಲದು; 10 ಡಿಗ್ರಿಗಿಂತ ಕೆಳಗಿನ ಚಳಿಯನ್ನು ನೂರಾರು ಗಂಟೆ ಉಂಡಮೇಲೆ ಮಾತ್ರ ಅದಕ್ಕೆ ಹೂವಿನ ಬುದ್ಧಿ ಬರುತ್ತದೆ. ಕಲಬುರಗಿಯಲ್ಲಿ ಡಿಸೆಂಬರಿನ ರಾತ್ರಿ ಸಾಮಾನ್ಯವಾಗಿ 15 ಡಿಗ್ರಿಯ ಆಸುಪಾಸು. ಬೀದರಿನಲ್ಲಿ ಚಳಿಗಾಳಿ ಬೀಸಿದ ವಾರ 10ಕ್ಕಿಂತ ಕೆಳಗಿಳಿಯುವುದುಂಟು, ಆದರೆ ಆ ವಾರ ಮುಗಿದರೆ ಮುಗಿಯಿತು. ಬಿಸಿನಾಡಿನ ದೊಡ್ಡ ತೋಟಗಳಲ್ಲಿ ಜಿಬ್ಬರೆಲಿಕ್ ಆಮ್ಲ ಎಂಬ ಸಸ್ಯ ಹಾರ್ಮೋನು ಸಿಂಪಡಿಸಿ ಮೊಗ್ಗು ಬರಿಸುತ್ತಾರೆ. 'ಇಂಪೀರಿಯಲ್ ಸ್ಟಾರ್' ಎಂಬ ತಳಿಯನ್ನು ಕಡಿಮೆ ಚಳಿಯಲ್ಲೇ ಬಿತ್ತಿದ ವರ್ಷ ಮೊಗ್ಗು ಕೊಡಲೆಂದು ಕ್ಯಾಲಿಫೋರ್ನಿಯಾದಲ್ಲಿ ಬೆಳೆಸಿದರು. ಅದಕ್ಕೂ ಬೇಕಾದ ಚಳಿ ನಮ್ಮಲ್ಲಿ ಬೀಳುವುದು ಅದೃಷ್ಟದ ಮಾತು. ನಾಲ್ಕು ತಿಂಗಳು ನೀರು ಹೊಯ್ದು, ಒಂದು ಚದರ ಮೀಟರ್ ಜಾಗ ಕೊಟ್ಟು, ಕೊನೆಗೆ ಬರೀ ಎಲೆ ನೋಡಿ ಕೂರುವುದು ಬೇಡವೆಂದರೆ ಆರ್ಟಿಚೋಕ್ ಬಿಡಿ. ಇದರ ಬಗ್ಗೆ ನಾನು ಇನ್ನೇನೂ ಹೇಳುವುದಿಲ್ಲ.

ಕಾರ್ಡೂನಿನದು ಹಾಗಲ್ಲ. ತಿನ್ನುವುದು ದಂಟನ್ನಾದ್ದರಿಂದ ಹೂ ಬಾರದಿದ್ದರೇ ನಮಗೆ ಅನುಕೂಲ. ಮೂಲಂಗಿ, ಕೊತ್ತಂಬರಿ ತೆನೆ ಒಡೆದರೆ ಹೇಗೆ ಕೆಟ್ಟಂತೆಯೋ ಇಲ್ಲೂ ಹಾಗೆ. ಹೂಗಾಂಡ ಎದ್ದಿತೆಂದರೆ ದಂಟು ನಾರಾಗುತ್ತದೆ. ನಮ್ಮ ಸೌಮ್ಯ ಚಳಿಗಾಲ ಆರ್ಟಿಚೋಕಿಗೆ ಶಾಪ, ಕಾರ್ಡೂನಿಗೆ ವರ. ಫೋಟೊದಲ್ಲಿನ ನೇರಳೆ ಹೂವಿಗಾಗಿ ಆಸೆಪಟ್ಟವರು ಮಾತ್ರ ಮನಸ್ಸು ಗಟ್ಟಿ ಮಾಡಿಕೊಳ್ಳಬೇಕು. ಇಲ್ಲಿ ಸಿಗುವುದು ಬೆಳ್ಳಿ ಎಲೆಯ ಚಂದ.

ಕೊಲ್ಲುವುದು ಬೇಸಿಗೆಯಲ್ಲ, ಆಷಾಢ

ಮೊದಲ ಸಲ ನಾನು ಕಾರ್ಡೂನ್ ಹಚ್ಚಿದ್ದು ಮನೆ ಮುಂದಿನ ಕರಿಮಣ್ಣಿನಲ್ಲಿ, ನೆಲಮಟ್ಟಕ್ಕೆ. ಮೇ ತಿಂಗಳ ಬಿಸಿಲು ನೋಡಿ ಗಿಡ ಸತ್ತೇ ಹೋಯಿತೆಂದುಕೊಂಡಿದ್ದೆ. ಎಲೆಯೆಲ್ಲ ಒಣಗಿ ನೆಲಕ್ಕೆ ಬಿತ್ತು. ಆದರೆ ಬುಡ ಕೆದರಿ ನೋಡಿದರೆ ಗಡ್ಡೆ ಗಟ್ಟಿಯಾಗಿಯೇ ಇತ್ತು. ತವರಿನಲ್ಲಿ ಅದು ಮಾಡುವುದೇ ಅದನ್ನು: ಬೇಸಿಗೆಯ ಕೊನೆಗೆ ಮೇಲಿನದೆಲ್ಲ ಒಣಗಿಸಿಕೊಂಡು ಮಲಗುವುದು, ಶರತ್ಕಾಲದ ಮಳೆಗೆ ಬುಡದ ಕಣ್ಣುಗಳಿಂದ ಮತ್ತೆ ಚಿಗುರುವುದು. ಅಲ್ಲಿ ಬೇಸಿಗೆ ಒಣ, ಚಳಿಗಾಲ ಮಳೆ. ನಮ್ಮಲ್ಲಿ ಲೆಕ್ಕ ಉಲ್ಟಾ. ಗಿಡ ಮಲಗಿದ್ದಾಗಲೇ ಮುಂಗಾರು ಬಂದು ಬಾಗಿಲು ಬಡಿಯುತ್ತದೆ. ಜುಲೈಯಲ್ಲಿ ಒಂದು ವಾರ ಜಿಟಿಜಿಟಿ ಮಳೆ ಹಿಡಿಯಿತು, ಕರಿಮಣ್ಣು ಉಬ್ಬಿ ಮುದ್ದೆಯಾಯಿತು, ಬೇಸಿಗೆ ಗೆದ್ದ ಗಡ್ಡೆ ಕೊಳೆತು ನಾರಿತು.

ಕರಿಮಣ್ಣನ್ನು ಬೈಯಲು ನನಗೆ ಮನಸ್ಸಿಲ್ಲ. ಕಲಬುರಗಿಯ ತೊಗರಿಗೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಆ ತೊಗರಿಯೂ ಹಿಂಗಾರಿ ಜೋಳವೂ ನಿಂತಿರುವುದು ತೇವ ಹಿಡಿದಿಡುವ ಇದೇ ಎರೆ ನೆಲದ ಮೇಲೆ. ಆದರೆ ಜೋಳಕ್ಕೆ ಅನ್ನ ಕೊಡುವ ಗುಣವೇ ಮಲಗಿದ ಕಾರ್ಡೂನ್ ಗಡ್ಡೆಗೆ ಗೋರಿ. ಬೇಸಿಗೆಯಲ್ಲಿ ಬಾಯ್ಬಿಟ್ಟ ಬಿರುಕು ಬೇರನ್ನು ಹರಿಯುತ್ತದೆ, ಮಳೆಯಲ್ಲಿ ಮುಚ್ಚಿಕೊಂಡು ಉಸಿರುಗಟ್ಟಿಸುತ್ತದೆ.

ಬೀದರಿನವರು ಇಲ್ಲಿ ಪುಣ್ಯವಂತರು. ಊರೇ ಜಂಬಿಟ್ಟಿಗೆಯ ಬಂಡೆಯ ಮೇಲೆ ಕೂತಿದೆ. ಮೇಲೆ ಸುರಿದ ನೀರು ಸೋಸಿ ಕೆಳಗಿಳಿಯುತ್ತದೆ. ನೌಬಾದಿನ ಸುರಂಗ ಬಾವಿ, ಅಂದರೆ ಬಹಮನಿ ಕಾಲದ ಕರೇಜ್, ಕೆಲಸ ಮಾಡಿದ್ದೂ ಈ ಕಲ್ಲಿನ ಇದೇ ಗುಣದಿಂದ. ಆ ಕೆಂಪು ಮಣ್ಣಿನಲ್ಲಿ, ಊರು ತುಸು ಎತ್ತರದಲ್ಲಿರುವುದರಿಂದ ಸಿಗುವ ಚೂರು ತಂಪಿನಲ್ಲಿ, ಕಾರ್ಡೂನನ್ನು ಬಹುವಾರ್ಷಿಕವಾಗಿ ಉಳಿಸಿಕೊಳ್ಳುವ ಪ್ರಯತ್ನಕ್ಕೆ ಅರ್ಥವಿದೆ. ಯಾದಗಿರಿಯ ಸಂಗತಿ ಕಲಬುರಗಿಗಿಂತ ಕಷ್ಟ. ಶಹಾಪುರ, ಸುರಪುರದ ಕಾಲುವೆ ನೀರಾವರಿಯ ಕಡೆ ನೆಲ ಸದಾ ತೇವ, ಚಳಿಗಾಲವೂ ಗಿಡ್ಡ. ಅಲ್ಲಿ ಇದನ್ನು ದೊಡ್ಡ ಕುಂಡದಲ್ಲೋ ಅರ್ಧ ಕತ್ತರಿಸಿದ ಡ್ರಮ್ಮಿನಲ್ಲೋ ಬೆಳೆಯುವುದೇ ಜಾಣತನ. ಬೇರು ನೇರ ಕೆಳಗಿಳಿಯುವ ಜಾತಿಯದಾದ್ದರಿಂದ ಡ್ರಮ್ಮು ಕನಿಷ್ಠ ಒಂದೂವರೆ ಅಡಿ ಆಳವಿರಲಿ, ತಳದಲ್ಲಿ ದೊಡ್ಡ ತೂತುಗಳಿರಲಿ.

ಕಲಬುರಗಿಯಲ್ಲಿ ನಾನು ಈಗ ಮಾಡುವುದು ಇಷ್ಟು. ಹಾಳಾಗಿ ಬಿದ್ದ ಶಹಾಬಾದ್ ಕಲ್ಲಿನ ತುಂಡುಗಳನ್ನು ನಿಲ್ಲಿಸಿ ಮೊಣಕಾಲೆತ್ತರದ ಕಟ್ಟೆ. ಒಳಗೆ ಮೊರಂ, ಮರಳು, ಹಳೆಯ ಸಗಣಿಗೊಬ್ಬರ, ಸ್ವಲ್ಪ ಕರಿಮಣ್ಣು. ನಮ್ಮ ಮಣ್ಣಿನ ಸುಣ್ಣದಂಶಕ್ಕೆ ಈ ಗಿಡ ಹೆದರುವುದಿಲ್ಲ, ಸ್ವಲ್ಪ ಉಪ್ಪುನೀರನ್ನೂ ತಡೆಯುತ್ತದೆ. ಬೋರಿನ ನೀರಿಗೆ ಗುಲಾಬಿ ಮುನಿಸಿಕೊಂಡ ಮನೆಯವರಿಗೆ ಇದೊಂದು ಸಮಾಧಾನ.

ಉತ್ತರಿ ಮಳೆಗೆ ಬೀಜ, ಚಿತ್ತಿಗೆ ಸಸಿ

ಕಾರ್ಡೂನನ್ನು ವಾರ್ಷಿಕ ಬೆಳೆಯೆಂದೇ ಒಪ್ಪಿಕೊಂಡರೆ ಹಿಂಗಾರಿಯ ಜೊತೆ ಅದರ ಕಾಲ ಚೆನ್ನಾಗಿ ಹೊಂದುತ್ತದೆ. ಸೆಪ್ಟೆಂಬರ್ ಮಧ್ಯಕ್ಕೆ, ಉತ್ತರಿ ಮಳೆಯ ಹೊತ್ತಿಗೆ, ಚಿಕ್ಕ ಪಾಲಿಥಿನ್ ಚೀಲದಲ್ಲಿ ಬೀಜ ಊರಿ ನೆರಳಿನಲ್ಲಿಡಿ. ಕುಸುಬಿ ಬೀಜಕ್ಕಿಂತ ತುಸು ದೊಡ್ಡದಿರುತ್ತದೆ. ಬೆರಳ ಒಂದು ಗೆಣ್ಣಿನಷ್ಟು ಆಳ ಸಾಕು. ಹತ್ತರಿಂದ ಇಪ್ಪತ್ತು ದಿನಕ್ಕೆ ಮೊಳೆಯುತ್ತದೆ, ಒಂದೊಂದು ಬೀಜ ಒಂದೊಂದು ದಿನ, ತಾಳ್ಮೆ ಇರಲಿ. ಚಿತ್ತಿ ಮಳೆ ಹೊತ್ತಿಗೆ, ನಾಲ್ಕೈದು ಎಲೆ ಬಂದಾಗ, ಕಟ್ಟೆಗೆ ಕಿತ್ತು ಹಚ್ಚಬೇಕು. ಬೇರು ಅಲುಗಿದರೆ ಸಿಟ್ಟಾಗುವ ಗಿಡ, ಆದ್ದರಿಂದ ಚೀಲ ಹರಿದು ಮಣ್ಣಿನ ಮುದ್ದೆಯ ಸಮೇತ. ಗಿಡದಿಂದ ಗಿಡಕ್ಕೆ ಒಂದು ಮೀಟರ್. ಸಣ್ಣ ಸಸಿ ನೋಡಿ ಇಷ್ಟು ಜಾಗ ಯಾಕೆ ಅನ್ನಿಸುತ್ತದೆ. ಡಿಸೆಂಬರಿನಲ್ಲಿ ಗೊತ್ತಾಗುತ್ತದೆ.

ನೀರಿನ ವಿಷಯದಲ್ಲಿ ಕುಸುಬಿಗೂ ಇದಕ್ಕೂ ಪೂರಾ ವಿರೋಧ. ಕುಸುಬಿ ಬೇರನ್ನು ಆಳಕ್ಕೆ ಇಳಿಸಿ ಹಿಂಗಾರಿಯ ಉಳಿದ ಹಸಿಯಲ್ಲೇ ಜೀವನ ಸಾಗಿಸುತ್ತದೆ, ಜಾಸ್ತಿ ನೀರು ಕಂಡರೆ ಬೇರು ಕೊಳೆತು ಸೊರಗುತ್ತದೆ. ಕಾರ್ಡೂನ್ ಬರಗಾಲದಲ್ಲಿ ಬದುಕಬಲ್ಲದು, ಆದರೆ ಬದುಕುವುದು ಬೇರೆ, ದಂಟು ಕೊಡುವುದು ಬೇರೆ. ನೀರು ಕಡಿಮೆಯಾದರೆ ದಂಟು ಟೊಳ್ಳಾಗಿ, ನಾರೆದ್ದು, ಬೇವಿನಂತೆ ಕಹಿಯಾಗುತ್ತದೆ. ಮೂರ್ನಾಲ್ಕು ದಿನಕ್ಕೊಮ್ಮೆ ಬುಡಕ್ಕೆ ಒಂದು ಕೊಡ ನೀರು, ಮೇಲೆ ಹುಲ್ಲು ಹೊದಿಕೆ. ಎರಡನ್ನೂ ಹಚ್ಚುವವರು ಒಂದೇ ಪಾತಿಯಲ್ಲಿ ಹಚ್ಚಬೇಡಿ. ಒಂದಕ್ಕೆ ಮಾಡಿದ ಉಪಕಾರ ಇನ್ನೊಂದಕ್ಕೆ ಅಪಕಾರ. ಡಿಸೆಂಬರ್, ಜನವರಿಯಲ್ಲಿ ಕುಸುಬಿಯನ್ನು ಕಾಡುವ ಹೇನು ಇದರ ಎಳೆ ಎಲೆಗೂ ಬರಬಹುದು. ಬೇವಿನೆಣ್ಣೆಗೆ ಸೋಪಿನ ನೀರು ಬೆರೆಸಿ ಎಲೆಯ ಅಡಿಗೆ ಹೊಡೆದರೆ ಹತೋಟಿಗೆ ಸಿಗುತ್ತದೆ.

ಕತ್ತಲಲ್ಲಿಟ್ಟು ಬಿಳುಪು ಮಾಡುವುದು

ಅಡುಗೆಗೆ ಬೇಕಾದರೆ ತಪ್ಪಿಸಲಾಗದ ಕೆಲಸ ಇದು. ಬಿಸಿಲು ಕಂಡ ದಂಟನ್ನು ಹಾಗೇ ಬೇಯಿಸಿದರೆ ಮನೆಯವರು ಎರಡನೇ ತುತ್ತು ತಿನ್ನುವುದಿಲ್ಲ. ಎಲೆ ಎರಡೂವರೆ, ಮೂರು ಅಡಿ ಬೆಳೆದಾಗ, ನನ್ನ ಲೆಕ್ಕದಲ್ಲಿ ಸಂಕ್ರಾಂತಿಯ ಆಸುಪಾಸು, ಇಬ್ಬನಿ ಆರಿದ ಮೇಲೆ ಎಲ್ಲ ಎಲೆಗಳನ್ನೂ ಜಡೆಯ ಹಾಗೆ ಒಟ್ಟುಗೂಡಿಸಿ ಸುತಳಿಯಿಂದ ಕಟ್ಟಬೇಕು. ಆಮೇಲೆ ಸುತ್ತ ಹಳೆಯ ಪೇಪರು, ಅದರ ಮೇಲೆ ಜೋಳದ ಕಣಕಿ ನಿಲ್ಲಿಸಿ ಗೋಣಿಚೀಲ ಸುತ್ತಿದರೆ ಕತ್ತಲಾಯಿತು. ತುದಿಯ ಎಲೆ ಮಾತ್ರ ಹೊರಗಿರಲಿ. ಮೂರು, ನಾಲ್ಕು ವಾರ ಹೀಗೇ. ಗಾಳಿಗೆ ವಾಲದಂತೆ ಪಕ್ಕಕ್ಕೊಂದು ತೊಗರಿ ಕಟ್ಟಿಗೆ. ಇಟಲಿಯ ನಿತ್ಸಾ ಮೊನ್‌ಫೆರಾತೊ ಎಂಬ ಊರಿನಲ್ಲಿ ಗಿಡವನ್ನೇ ಬಾಗಿಸಿ ಮಣ್ಣಲ್ಲಿ ಹೂಳುತ್ತಾರೆ. ಬೆಳಕಿಗಾಗಿ ಹೆಣಗಿ ದಂಟು ಗೂನು ಬೀಳುತ್ತದೆ, ಹಾಗಾಗಿ ಅದಕ್ಕೆ 'ಗೂನ ಕಾರ್ಡೂನ್' ಎಂದೇ ಹೆಸರು. ನಮ್ಮ ಮಣ್ಣಿನಲ್ಲಿ ಹೂಳಿದರೆ ಗೂನಲ್ಲ, ಕೊಳೆ. ಗೋಣಿಯೇ ವಾಸಿ.

ಬಿಚ್ಚಿದ ದಿನ ದಂಟು ಮೊಸರಿನ ಬಣ್ಣಕ್ಕೆ ತಿರುಗಿರುತ್ತದೆ. ಫೆಬ್ರವರಿ ಮುಗಿಯುವುದರೊಳಗೆ ಕೊಯ್ದುಬಿಡಿ, ಮಾರ್ಚಿನ ಝಳಕ್ಕೆ ಮತ್ತೆ ಗಡುಸಾಗುತ್ತದೆ. ಎಲೆಯ ಹಾಳೆ ತೆಗೆದು ಬಿಸಾಡಿ, ಅದು ಎಂದಿಗೂ ಕಹಿಯೇ. ದಂಟಿನ ಅಂಚಿನ ಮುಳ್ಳು ಹೆರೆದು, ನಾರು ಬಿಡಿಸಿ, ಬೆರಳುದ್ದ ತುಂಡು ಮಾಡಿದ ಕೂಡಲೇ ನಿಂಬೆಹಣ್ಣಿನ ನೀರಿಗೋ ಮಜ್ಜಿಗೆಗೋ ಹಾಕಬೇಕು. ಬಾಳೆದಿಂಡಿಗೆ ಮಾಡುವ ಉಪಚಾರವೇ ಇದು. ಇಲ್ಲವಾದರೆ ಕಪ್ಪಾಗುತ್ತದೆ, ನಿಮ್ಮ ಬೆರಳೂ ಕಪ್ಪಾಗುತ್ತದೆ. ಉಪ್ಪುನೀರಿನಲ್ಲಿ ಅರ್ಧ ಗಂಟೆ ಬೇಯಿಸಿ ಆ ನೀರು ಚೆಲ್ಲಿ. ಈಗ ಉಳಿದದ್ದು ಮೆತ್ತಗಿನ, ಎಲ್ಲೋ ಒಂದು ಎಳೆ ಕಹಿಯುಳ್ಳ ತರಕಾರಿ.

ಸ್ಪೇನಿನ ಕೆಲವು ಕಡೆ ಕ್ರಿಸ್‌ಮಸ್ ಊಟಕ್ಕೆ ಇದನ್ನು ಬಾದಾಮಿ ಅರೆದ ಗೊಜ್ಜಿನಲ್ಲಿ ಮಾಡುತ್ತಾರೆ, ಮೊರಾಕ್ಕೊದಲ್ಲಿ ಮಾಂಸದ ಜೊತೆ ಮಣ್ಣಿನ ಪಾತ್ರೆಯಲ್ಲಿ. ಬಾದಾಮಿಯ ಜಾಗಕ್ಕೆ ನಮಗೆ ಶೇಂಗಾ ಇದೆ. ಬೆಳ್ಳುಳ್ಳಿ ಒಗ್ಗರಣೆಗೆ ಬೆಂದ ದಂಟು ಹಾಕಿ, ಮೇಲೆ ಶೇಂಗಾ ಹಿಂಡಿ ಉದುರಿಸಿದರೆ ಬಿಸಿ ಜೋಳದ ರೊಟ್ಟಿಗೆ ಚೆನ್ನಾಗಿ ಕೂಡುತ್ತದೆ. ಝುಣಕದಲ್ಲೂ ಹಾಕಿ ನೋಡಿದ್ದೇನೆ, ಕಡಲೆಹಿಟ್ಟು ಕಹಿಯನ್ನು ನುಂಗಿಬಿಡುತ್ತದೆ. ಪುಂಡಿಪಲ್ಯದಲ್ಲಿ ಮಾತ್ರ ಬೇಡ, ಹುಳಿಯೂ ಕಹಿಯೂ ಜಗಳವಾಡುತ್ತವೆ. ಒಂದು ಗಿಡದಿಂದ ನಾಲ್ಕು ಜನರಿಗೆ ಒಂದು ಹೊತ್ತಿನ ಪಲ್ಯ. ಐದು ತಿಂಗಳ ದುಡಿಮೆಗೆ ಇಷ್ಟೇನಾ ಎಂದು ನನ್ನ ಮನೆಯಲ್ಲಿ ಕೇಳಿದ್ದಾರೆ. ಉತ್ತರ ಕೊಡಲಾಗದೆ ಇನ್ನೊಂದು ರೊಟ್ಟಿ ಹಾಕಿಸಿಕೊಂಡೆ.

ಹಾಗಾದರೆ ಕುಸುಬಿ?

ಇದೇ ತೂಕದಲ್ಲಿ ಕುಸುಬಿಯನ್ನಿಟ್ಟು ನೋಡಿ. ಬಿತ್ತಿ ಮೂರು, ನಾಲ್ಕು ವಾರಕ್ಕೆ ಸಾಲು ತೆಳು ಮಾಡಬೇಕಲ್ಲ, ಆಗ ಕಿತ್ತ ಎಳೆಗಿಡವೇ ಪಲ್ಯ. ಮುಳ್ಳು ಇನ್ನೂ ಗಟ್ಟಿಯಾಗಿರುವುದಿಲ್ಲ, ಬಿಳುಪು ಮಾಡುವ ಗೋಜಿಲ್ಲ. ಎಳ್ಳಮಾವಾಸಿಯ ಭಜ್ಜಿಗೆ ಹತ್ತಾರು ಸೊಪ್ಪಿನ ನಡುವೆ ಇದೂ ಸೇರಿದರೆ ಯಾರೂ ಬೇಡವೆನ್ನುವುದಿಲ್ಲ. ಎರಡೂವರೆ, ಮೂರು ತಿಂಗಳಿಗೆ ಹೂ: ಹಳದಿಯಾಗಿ ಅರಳಿ ಕಿತ್ತಳೆಗೆ, ಕೆಂಪಿಗೆ ತಿರುಗುತ್ತ ಹೋಗುತ್ತದೆ. ಆ ದಳಗಳನ್ನೇ ಹಿಂದೆ ಬಟ್ಟೆಗೆ ಬಣ್ಣ ಹಾಕಲು ಬಳಸುತ್ತಿದ್ದರು, ಕೇಸರಿಯೆಂದು ಮೋಸ ಮಾಡಿ ಮಾರುವವರೂ ಉಂಟು. ಕೊನೆಗೆ ಬೀಜ, ಬೀಜದಿಂದ ಎಣ್ಣೆ, ಬೀಜ ಅರೆದ ಹಾಲಿನಿಂದ ಹುಗ್ಗಿ. ಮುಳ್ಳಿನ ಭಯವಿದ್ದರೆ ಫಲಟಣದ ನಿಂಬಕರ್ ಸಂಸ್ಥೆ ಬಿಡುಗಡೆ ಮಾಡಿದ ಎನ್‌ಎಆರ್‌ಐ-6 ಎಂಬ ಮುಳ್ಳಿಲ್ಲದ ತಳಿಯಿದೆ. ನಮ್ಮ ಹೊಲಗಳ ಹಳೆಯ ಅಣ್ಣಿಗೇರಿ-1 ಮುಳ್ಳಿನದೇ. ತಿನ್ನುವ ಲೆಕ್ಕದಲ್ಲಿ, ನೀರಿನ ಲೆಕ್ಕದಲ್ಲಿ, ಹೂವಿನ ಭರವಸೆಯಲ್ಲಿ, ಮೂರರಲ್ಲೂ ಕುಸುಬಿ ಗೆಲ್ಲುತ್ತದೆ.

ಸೋಲುವುದು ಒಂದೇ ಕಡೆ. ಹೂ ಬರುವವರೆಗೆ ಕುಸುಬಿ ಅಂಗಳದಲ್ಲಿ ಕಳೆಯ ಹಾಗೆ ಕಾಣುತ್ತದೆ, ನಾಲ್ಕೂವರೆ ತಿಂಗಳಿಗೆ ಒಣಗಿ ಕಡ್ಡಿಯಾಗುತ್ತದೆ. ಕಾರ್ಡೂನ್ ನವೆಂಬರಿನಿಂದ ಮಾರ್ಚಿನವರೆಗೆ ಬಾಗಿಲಲ್ಲಿ ಬೆಳ್ಳಿಯ ಕಾರಂಜಿಯಂತೆ ನಿಂತಿರುತ್ತದೆ. ಬೆಳದಿಂಗಳಲ್ಲಿ ಅದನ್ನು ನೋಡಿದವರಿಗೆ ಪಲ್ಯದ ಲೆಕ್ಕ ಮರೆತುಹೋಗುತ್ತದೆ. ಬ್ರಿಟನ್ನಿನ ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿ ಇದಕ್ಕೆ ಉದ್ಯಾನ ಸಸ್ಯದ ಪ್ರಶಸ್ತಿ ಕೊಟ್ಟಿರುವುದು ರುಚಿಗಾಗಿ ಅಲ್ಲ. ಆದ್ದರಿಂದ ಬರೀ ಚಂದಕ್ಕೆ ಬೇಕೆನ್ನುವವರು ಧೈರ್ಯವಾಗಿ ಹಚ್ಚಲಿ, ಕಟ್ಟುವುದೂ ಬೇಡ, ಕೊಯ್ಯುವುದೂ ಬೇಡ. ಚಂದವೂ ಬೇಕು, ಪಲ್ಯವೂ ಬೇಕು ಎನ್ನುವವರು ಎರಡು ಗಿಡ ಹಚ್ಚಿ ಒಂದನ್ನಷ್ಟೇ ಗೋಣಿಯಲ್ಲಿ ಸುತ್ತಲಿ. ಗೋಣಿ ಸುತ್ತಿದ ಗಿಡ ಬಾಗಿಲಲ್ಲಿ ನಿಂತ ಬೆದರುಗೊಂಬೆಯಂತಿರುತ್ತದೆ. ವರ್ಷಪೂರ್ತಿ ಇರುವ, ತಿನ್ನಲೂ ಬರುವ ಗಿಡವೇ ನಿಮ್ಮ ಮುಖ್ಯ ಬೇಡಿಕೆಯಾದರೆ ಈ ಮುಳ್ಳಿನ ಸಹವಾಸ ಬಿಟ್ಟು ಮೂಲೆಗೊಂದು ನುಗ್ಗೆ, ಜಾಲರಿಗೊಂದು ಬಸಳೆ ಹಬ್ಬಿಸಿ. ಫೋಟೊ ತೆಗೆಯುವಷ್ಟು ಬೆಡಗಿಲ್ಲ, ಆದರೆ ಜುಲೈಯಲ್ಲಿ ಅಳಿಸುವುದಿಲ್ಲ.

ಅಪ್ಪಿತಪ್ಪಿ ಹೂ ಬಂದರೆ

ಬೀದರ್ ಕಡೆ ಎರಡನೇ ವರ್ಷಕ್ಕೆ ದಾಟಿದ ಗಿಡ ಒಳ್ಳೆಯ ಚಳಿ ಸಿಕ್ಕರೆ ಹೂಬಿಡಬಹುದು. ಪೋರ್ಚುಗಲ್ಲಿನ ಸೆರಾ ದಾ ಎಸ್ಟ್ರೆಲಾ ಬೆಟ್ಟದವರು ಒಣಗಿಸಿದ ಈ ಹೂವಿನ ಎಳೆಗಳನ್ನು ನೀರಲ್ಲಿ ನೆನೆಹಾಕಿ ಕುರಿಹಾಲು ಒಡೆಯಿಸಿ ಗಿಣ್ಣ, ಅಂದರೆ ಚೀಸ್, ಮಾಡುತ್ತಾರೆ. ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ಟಿನ ಹಂಗಿಲ್ಲ. ಹಸುವಿನ ಹಾಲಿಗೆ ಹಾಕಿದರೆ ಕಹಿಯಾಗುತ್ತದೆ. ಕುರಿ ಹಿಂಡಿಗೆ ನಮ್ಮಲ್ಲಿ ಕೊರತೆಯಿಲ್ಲ, ಯಾರಾದರೂ ಒಮ್ಮೆ ಮಾಡಿ ನೋಡಬೇಕು.

ಆದರೆ ಹೂ ಬಾಡಿದ ಕೂಡಲೇ ತಲೆ ಕತ್ತರಿಸಿ. ಬೀಜಕ್ಕೆ ಗಾಳಿಯಲ್ಲಿ ಹಾರಿಸುವ ನವಿರು ಕುಚ್ಚಿದೆ. ಯುರೋಪಿನವರ ಜೊತೆ ದಕ್ಷಿಣ ಅಮೆರಿಕ ಸೇರಿ ಅಲ್ಲಿನ ಹುಲ್ಲುಗಾವಲಿನಲ್ಲಿ ಹರಡಿ, 1833ರಲ್ಲಿ ಚಾರ್ಲ್ಸ್ ಡಾರ್ವಿನ್ ಉರುಗ್ವೆಯಲ್ಲಿ ಓಡಾಡುವ ಹೊತ್ತಿಗೆ ನೂರಾರು ಚದರ ಮೈಲಿ ನೆಲವನ್ನು ಮನುಷ್ಯನೂ ದನವೂ ನುಗ್ಗದಂತೆ ಮುಚ್ಚಿತ್ತು. ಕ್ಯಾಲಿಫೋರ್ನಿಯಾ, ಆಸ್ಟ್ರೇಲಿಯಾಗಳಲ್ಲಿ ಇವತ್ತಿಗೂ ಕಳೆ. ಕಾಂಗ್ರೆಸ್ ಕಸ ಕಿತ್ತು ಬೇಸತ್ತವರಿಗೆ ಹೆಚ್ಚು ಹೇಳಬೇಕಿಲ್ಲ. ಆ ಕಸದಿಂದ ಮೈ ತುರಿಕೆ ಬರುವವರು ಕಾರ್ಡೂನಿಗೂ ಬರಿಗೈ ಹಾಕಬೇಡಿ, ಎರಡೂ ಸೂರ್ಯಕಾಂತಿ ಕುಟುಂಬದವು. ಪಿತ್ತಕೋಶದಲ್ಲಿ ಕಲ್ಲಿರುವವರು ಡಾಕ್ಟರನ್ನು ಕೇಳದೆ ತಿನ್ನಬಾರದು.

ಇನ್ನೊಂದು, ಇದು ತಮಾಷೆಯಲ್ಲ. ಬೂದುಹಸಿರು ಎಲೆ, ಬಿಳಿ ನರ, ಅಂಚಿಗೆ ಮುಳ್ಳು ಇರುವ ಅರಿಶಿಣ ಉಮ್ಮತ್ತಿ ನಮ್ಮ ಹಾಳುಬಿದ್ದ ನೆಲದಲ್ಲೆಲ್ಲ ತಾನಾಗಿ ಹುಟ್ಟುತ್ತದೆ. ಸಸಿಯಲ್ಲಿ ಕಾರ್ಡೂನೆಂದು ಭ್ರಮೆ ಹುಟ್ಟಿಸುವಷ್ಟು ಹೋಲಿಕೆ. ಎಲೆ ಮುರಿದರೆ ಹಳದಿ ಹಾಲು ಬಂದಿತೋ, ಅದು ಉಮ್ಮತ್ತಿ, ವಿಷ. ಅದರ ಬೀಜದೆಣ್ಣೆ ಸಾಸಿವೆ ಎಣ್ಣೆಗೆ ಬೆರೆತು 1998ರಲ್ಲಿ ದಿಲ್ಲಿಯಲ್ಲಿ ಜನ ಸತ್ತರು. ನೀವೇ ಚೀಲದಲ್ಲಿ ಊರಿ ಎಬ್ಬಿಸಿದ ಸಸಿಯ ಹೊರತು ಬೇರೆ ಯಾವುದನ್ನೂ ಕಾರ್ಡೂನೆಂದು ಅಡುಗೆಮನೆಗೆ ತರಬೇಡಿ.

ಬೀಜ ತರಿಸುವಾಗ ಪೊಟ್ಟಣದ ಮೇಲೆ ತಳಿಯ ಹೆಸರಿದೆಯೇ ನೋಡಿ. 'ಜಿಗಾಂಟೆ ದಿ ರೊಮಾನ್ಯಾ', 'ಪೋರ್ಟೊ ಸ್ಪೈನ್‌ಲೆಸ್' ತರಹದವು ದಂಟಿನ ತಳಿಗಳು. ಬರೀ 'ಅಲಂಕಾರಿಕ ಕಾರ್ಡೂನ್' ಎಂದಿದ್ದರೆ ಒಳಗಿರುವುದು ಕಾಡುತಳಿಯೂ ಆಗಿರಬಹುದು. ನನಗೊಮ್ಮೆ ಅದೇ ಬಂತು, ದಂಟು ಪೆನ್ಸಿಲಿನಷ್ಟು, ಮುಳ್ಳು ಮಾತ್ರ ಸೂಜಿಯಷ್ಟು. ಕುಸುಬಿ ಬೀಜವನ್ನು ಮನೆಯಲ್ಲೇ ಉಳಿಸಿಕೊಳ್ಳಬಹುದು, ಇದನ್ನು ಕಲಬುರಗಿಯಲ್ಲಿ ಆಗುವುದಿಲ್ಲ, ಹೂವೇ ಇಲ್ಲವಲ್ಲ. ಆದ್ದರಿಂದ ಒಂದು ಪೊಟ್ಟಣದಿಂದ ನಾಲ್ಕು ಬೀಜ ಊರಿ, ಮಿಕ್ಕದ್ದನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿ ಹಾಕಿ ಫ್ರಿಜ್ಜಿನ ಬಾಗಿಲಲ್ಲಿಡಿ. ನನ್ನ ಡಬ್ಬಿಯಲ್ಲಿ ಈಗ ಏಳು ಉಳಿದಿವೆ.